ಕಂಚಿಕಟ್ಟೆ ನಿಲ್ದಾಣದಲ್ಲಿ ಸೋಮವಾರ ಜನ ಎಣಿಸಿದ ಸಾಹೇಬರಿಗೆ

ಮಾನ್ಯರೇ,

ಹಾಸನಕ್ಕೂ ಹೊಳೆನರಸೀಪುರಕ್ಕೂ ನಡುವೆ ಇದ್ದು, ತಮ್ಮ ಕೃಪೆಯಿಂದ ಈಗ ಇಲ್ಲದಂತಾಗಿರುವ ಕಂಚಿಕಟ್ಟೆ ರೈಲು ನಿಲ್ದಾಣದ ಎದುರಿನ ಬೆಲ್ಲದ ಅಂಗಡಿಯ ಈಶ್ವರಯ್ಯನು ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವು ಹೇಗೋ ಇದ್ದೇವೆ. ಅತ್ತ ತಾವು ಕ್ಷೇಮವಾಗಿರುವುದರಲ್ಲಿ ಅನುಮಾನವಿಲ್ಲ, ಏಕೆಂದರೆ ನಿಲ್ದಾಣ ಮುಚ್ಚಿಸಿದವರಿಗೆ ಬಡ್ತಿ ಬೇಗ ಸಿಗುತ್ತದೆಂದು ಕೇಳಿದ್ದೇವೆ.

ನಮ್ಮ ನಿಲ್ದಾಣದ ಚರಿತ್ರೆ ದೊಡ್ಡದೇನಲ್ಲ. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಹೆಂಚಿನ ಮಾಡು ಹಾಕಿ, ಗಂಟೆಗೆ ಬದಲು ಕಂಬಿಯ ತುಂಡೊಂದನ್ನು ತೂಗುಹಾಕಿ ಅದನ್ನು ತೆರೆದರು. ಅಂದಿನಿಂದ ಸುತ್ತಲ ಹಳ್ಳಿಗಳ ಮೊಸರು, ವೀಳ್ಯದೆಲೆ, ಕೋರ್ಟು ವ್ಯಾಜ್ಯ ಎಲ್ಲವೂ ಬೆಳಿಗ್ಗೆ ಎತ್ತಿನ ಗಾಡಿಗಳಲ್ಲಿ ಬಂದು, ರೈಲು ಹತ್ತಿ ಹಾಸನಕ್ಕೆ ಹೋಗಿ, ಸಂಜೆ ಹಿಂದಿರುಗುತ್ತಿದ್ದವು. ನೂಕುನುಗ್ಗಲಿನಲ್ಲಿ ಗಡಿಗೆಯ ಮೊಸರನ್ನು ಕೋಟಿನ ಮೇಲೆ ಚೆಲ್ಲಿಸಿಕೊಳ್ಳದ ಗುಮಾಸ್ತ ಈ ಸೀಮೆಯಲ್ಲಿ ಇರಲಿಲ್ಲ.

ಯುದ್ಧ ಬಂದು ಕಲ್ಲಿದ್ದಲು ಉಳಿಸಬೇಕಾಯಿತು. ಜನ ಹತ್ತದ ನಿಲ್ದಾಣ ಯಾವುದೆಂದು ಎಣಿಸಲು ತಾವು ದಯಮಾಡಿಸಿದಿರಿ, ಮತ್ತು ಒಂದಾದ ಮೇಲೊಂದರಂತೆ ಸೋಮವಾರಗಳಲ್ಲಿಯೇ ದಯಮಾಡಿಸಿದಿರಿ. ಸೋಮವಾರ ಬಸವಣ್ಣನ ದಿನವೆಂದು ಈ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಾಡಿ ಬಾರದಿದ್ದರೆ ಸರಕಿಲ್ಲ, ಸರಕಿಲ್ಲದೆ ಜನವೂ ಇಲ್ಲ. ತಾವು ಖಾಲಿ ಕಟ್ಟೆಯ ಮೇಲೆ ಕುಳಿತು ಶೂನ್ಯವನ್ನು ಎಣಿಸಿದ ಶ್ರದ್ಧೆ ಯಾವ ತಪಸ್ವಿಗೂ ಕಡಿಮೆಯಲ್ಲ.

ತಪ್ಪು ತಮ್ಮೊಬ್ಬರದೇ ಅಲ್ಲವೆಂದು ಒಪ್ಪಿಕೊಳ್ಳಬೇಕು. ನಮ್ಮೂರ ಹಿರಿಯ ಪರಮಶಿವಯ್ಯನವರು ತಮ್ಮನ್ನು ಕಂಡು ಪರವಶರಾಗಿ, “ಸಾಯೇಬ್ರು ಬಾರಿ ಶಿವಭಕ್ತರು ಕಣ್ರಲಾ, ಸ್ವಾಮಾರ ಬಿಟ್ಟು ಬ್ಯಾರೆ ದಿನ ಬರಾಕಿಲ್ಲ! ಅವ್ರ ಮುಂದೆ ಗದ್ದಲ ಮಾಡ್ಬ್ಯಾಡಿ,” ಎಂದು ಊರಿಗೆಲ್ಲ ಸಾರಿದರು. ಹೀಗಾಗಿ ನಡೆದು ಬರಬಹುದಾಗಿದ್ದ ನಾಲ್ಕು ಜನರೂ ಭಕ್ತಿಯಿಂದ ಮನೆಯಲ್ಲೇ ಉಳಿದು, ತಮಗೆ ಎಳನೀರು ಕಳಿಸಿದರು. ಎಳನೀರು ಕುಡಿದ ತಾವು ಅದನ್ನು ಕಳಿಸಿದವರು ಎಲ್ಲಿದ್ದಾರೆಂದು ಕೇಳಲಿಲ್ಲ.

ಆಮೇಲೆ ನಿಲ್ದಾಣದ ಬಾಗಿಲಿಗೆ ನೋಟೀಸು ಅಂಟಿತು: ಇಲ್ಲಿ ಹತ್ತುವವರು ಒಬ್ಬರೇ ಆದ್ದರಿಂದ ರೈಲುಗಾಡಿ ಇನ್ನು ನಿಲ್ಲುವುದಿಲ್ಲ. ಅದನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದವಳು ನನ್ನ ಮಗಳು ಪ್ರೇಮಕುಮಾರಿ. ಓದಿ ಮುಗಿಸಿ, “ಅಪ್ಪಾ, ಆ ಒಬ್ಬಳು ನಾನೇ ಅಲ್ವಾ?” ಎಂದಳು. ಹೌದು ಸ್ವಾಮಿ, ಸೋಮವಾರವೂ ತಮ್ಮೆದುರೇ ರೈಲು ಹತ್ತಿ ಹಾಸನದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ಅವಳೇ. ಇನ್ನೊಂದು ವರ್ಷ ಕಳೆದಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುತ್ತಿದ್ದಳು. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹೊಳೆನರಸೀಪುರದಲ್ಲೇ ತುಂಬಿ ಬರುತ್ತದೆ, ನಮ್ಮಲ್ಲಿ ನಿಲ್ಲುವುದಿಲ್ಲ. ಹಾಸನದಲ್ಲಿ ಅವಳನ್ನು ಇರಿಸಲು ನಮಗೆ ನೆಂಟರಿಲ್ಲ. ಅವಳೀಗ ಮನೆಯಲ್ಲಿದ್ದಾಳೆ, ರೈಲು ಹಾದುಹೋಗುವಾಗ ಒಳಗೆ ಎದ್ದು ಹೋಗುತ್ತಾಳೆ. ಅದನ್ನು ನೋಡುವುದು ನನ್ನಿಂದ ಆಗುತ್ತಿಲ್ಲ.

ಆದ್ದರಿಂದ ಕೆಲವು ಅಲ್ಪ ಬೇಡಿಕೆಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಭಕ್ತಿಯನ್ನು ಮಂಗಳವಾರಕ್ಕೆ ಮುಂದೂಡುವಂತೆ ಈ ಸೀಮೆಯ ಎತ್ತುಗಳಿಗೆ ತಾವೇ ಒಂದು ಆಜ್ಞೆ ಹೊರಡಿಸಬೇಕು. ಅದಾಗದಿದ್ದರೆ ಹಾಸನವನ್ನು ನಮ್ಮ ಕಡೆಗೆ ಹತ್ತು ಮೈಲಿ ಸರಿಸಬೇಕು. ತಮ್ಮ ಸಾಮರ್ಥ್ಯಕ್ಕೆ ಅದು ಯಾವ ಲೆಕ್ಕ? ಎರಡೂ ಕಷ್ಟವೆನಿಸಿದರೆ ಒಂದೇ ಒಂದು ಮಂಗಳವಾರ ಬಂದು ನೋಡಿ.

ಎಣಿಕೆಗೆ ಸಿಗದೆ ಮನೆಯಲ್ಲುಳಿದ,
ತಮ್ಮ ವಿಶ್ವಾಸಿ
ಈಶ್ವರಯ್ಯ

ವಿ.ಸೂ.: ಮಗಳಿಗೆ ಗಂಡು ಗೊತ್ತಾಗಿದೆ. ಓದು ನಿಂತಿದ್ದೇ ಒಳ್ಳೆಯದಾಯಿತೆಂದು ಬೀಗರು ಸಂತೋಷಪಟ್ಟಿದ್ದಾರೆ, ಆ ಪುಣ್ಯ ತಮ್ಮದು. ವರ ಅರಸೀಕೆರೆಯಲ್ಲಿ ರೈಲ್ವೆ ಗುಮಾಸ್ತ. ಹೆಂಡತಿಗೂ ಪಾಸು ಸಿಗುತ್ತದಂತೆ. ಇನ್ನು ನನ್ನ ಮಗಳು ಟಿಕೆಟ್ಟಿಲ್ಲದೆ ಯಾವ ಊರಿಗೆ ಬೇಕಾದರೂ ರೈಲಿನಲ್ಲಿ ಹೋಗಬಹುದು, ಶಾಲೆಗೆ ಮಾತ್ರ ಹೋಗುವಂತಿಲ್ಲ.