ನಾನು ಆರಿಸಿದ ಕುದುರೆ ಸೋಲಲೇ ಇಲ್ಲ

ಓಡುವ ಪ್ರಾಣಿ ಯಾವುದು, ಓಡದ ಪ್ರಾಣಿ ಯಾವುದು ಎಂಬುದನ್ನು ನಾನು ಒಂದೇ ನೋಟಕ್ಕೆ ಹೇಳಬಲ್ಲೆ. ಮೈಸೂರಿನ ರೇಸಿನಲ್ಲಿ ಆದದ್ದೆಲ್ಲ ಆದ ಮೇಲೂ ಹೇಳಬಲ್ಲೆ. ಆ ಸಂಗತಿಯನ್ನು ಪುತ್ತೂರಿನಿಂದ ಕಡಬದವರೆಗೆ ಜನ ತಮಗೆ ತೋಚಿದ ಹಾಗೆ ಹೇಳಿಕೊಂಡು ನಗುತ್ತಿರುವುದರಿಂದ, ನಿಜವಾಗಿ ನಡೆದದ್ದೇನು ಎಂದು ನಾನೇ ಬರೆದುಬಿಡುವುದು ಒಳ್ಳೆಯದು. ತಪ್ಪು ಯಾರದೆಂದು ಓದಿದವರು ತೀರ್ಮಾನಿಸಲಿ. ನನ್ನದಂತೂ ಅಲ್ಲ!

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿತ್ತು. ನಾನು ಪುತ್ತೂರಿನಲ್ಲಿ ದನದ ಕಂಪೌಂಡರ್. ಎತ್ತಿನ ಬಾಯಿ ಬಿಡಿಸಿ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುವುದು, ಹಸುವಿನ ಕಾಲಿಗೆ ಮುಲಾಮು ಹಚ್ಚುವುದು, ಒದೆ ತಿನ್ನುವುದು, ಇಷ್ಟೇ ನನ್ನ ಸರಕಾರಿ ಕೆಲಸ. ಆದರೆ ನನ್ನ ಕೀರ್ತಿ ಬೇರೆಯದೇ ಇತ್ತು. ನಮ್ಮ ಪಕ್ಕದ ಸವಣೂರಿನ ದೂಮಣ್ಣ ರೈಗಳು ಒಂದು ಜೋಡಿ ಕೋಣ ಕೊಳ್ಳಲು ಹೊರಟಾಗ ನಾನು ಜತೆಗೆ ಹೋಗಿ, ಇಪ್ಪತ್ತು ಕೋಣಗಳ ನಡುವಿನಿಂದ ಎರಡನ್ನು ತೋರಿಸಿಕೊಟ್ಟಿದ್ದೆ. ಆ ಎರಡು ಕೋಣಗಳು ಅದೇ ವರ್ಷ ಕಂಬಳದಲ್ಲಿ ಮೊದಲ ಸ್ಥಾನ ತಂದವು. ಅಂದಿನಿಂದ ಕುಂಬ್ರದ ಪೇಟೆಯಲ್ಲಿ ನಾನು ನಡೆದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಕೆಲವರು ಸಾಲ ಕೇಳಲು ಬಂದನೆಂದು ಒಳಗೆ ಹೋಗುತ್ತಿದ್ದರು ಎಂದು ನನ್ನ ಹೆಂಡತಿ ಜಲಜ ಹೇಳುವುದುಂಟು. ಅದು ಬೇರೆ ವಿಷಯ.

ನನ್ನದು ಐದು ಪರೀಕ್ಷೆಯ ಪದ್ಧತಿ. ಕಣ್ಣು, ಕಿವಿ, ಗೊರಸು, ಚರ್ಮ, ಸಗಣಿ. ಸಗಣಿ ನೋಡದೆ ನಾನು ಯಾವ ಪ್ರಾಣಿಯ ಬಗ್ಗೆಯೂ ಅಭಿಪ್ರಾಯ ಕೊಟ್ಟವನಲ್ಲ.

ಒಂದು ದಿನ ದೂಮಣ್ಣ ರೈಗಳು ಆಸ್ಪತ್ರೆಯ ಜಗಲಿಗೆ ಬಂದು ಕೂತರು. ಮುಖ ಕೆಂಪಾಗಿತ್ತು.

"ಕಂಪೌಂಡ್ರೆ, ನಮ್ಮ ಮೈಸೂರಿನ ಬೀಗರ ಬಾಯಿ ಮುಚ್ಚಿಸ್ಬೇಕು" ಎಂದರು.

ರೈಗಳ ಮಗಳನ್ನು ಮೈಸೂರಿಗೆ ಕೊಟ್ಟಿತ್ತು. ಬೀಗರು ಅಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ತುಳುವನ್ನು ಮುಕ್ಕಾಲು ಪಾಲು ಮರೆತವರು. ಅವರಿಗೆ ಕುದುರೆ ರೇಸಿನ ಹುಚ್ಚು.

"ಬೀಗರು ಎಂತ ಹೇಳಿದ್ರು?"

"ಕೋಣ ಓಡುದು ಓಟವೇ ಅಲ್ಲವಂತೆ. ಕೆಸರಲ್ಲಿ ಹೊರಳಾಡುದಂತೆ! ಕುದುರೆ ಆರಿಸ್ಲಿಕ್ಕೆ ತಲೆ ಬೇಕಂತೆ. ಕೋಣ ಆರಿಸ್ಲಿಕ್ಕೆ ಕೋಣನ ತಲೆಯೇ ಸಾಕಂತೆ!"

ಕೋಣಗಳನ್ನು ಆರಿಸಿದವನು ನಾನು. ಹಾಗಾದರೆ ಕೋಣನ ತಲೆ ಯಾರದ್ದಾಯಿತು? ನನ್ನ ರಕ್ತ ಕುದಿಯಿತು.

"ನಾನು ಪಂಥ ಕಟ್ಟಿ ಬಂದಿದ್ದೇನೆ" ಎಂದರು ರೈಗಳು. "ನಮ್ಮ ಕಂಪೌಂಡ್ರು ಒಂದು ಕುದುರೆ ಆರಿಸುದು. ಅದು ಗೆದ್ರೆ ಬೀಗರು ಕಚ್ಚೆ ಕಟ್ಟಿ ಕಂಬಳದ ಗದ್ದೆಗೆ ಇಳಿದು ಎಲ್ಲರ ಎದುರು ನನ್ನ ಕೋಣಗಳಿಗೆ ಕೈ ಮುಗಿಯುದು. ಸೋತ್ರೆ ಈ ವರ್ಷ ನನ್ನ ಕೋಣ ಗದ್ದೆಗೆ ಇಳಿಯುದಿಲ್ಲ. ಎಂತ ಹೇಳ್ತೀರಿ?"

ಆ ಕೋಣಗಳೆಂದರೆ ರೈಗಳಿಗೆ ಜೀವ. ನನಗೂ ಅಷ್ಟೇ. ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅಂತ ಇದ್ದದ್ದೇ ಆ ಎಂಟು ಕಾಲುಗಳು. ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದರು. ನಾನು ಯೋಚಿಸಲಿಲ್ಲ.

"ಹೊರಡುವ" ಎಂದೆ.

ಮನೆಯಲ್ಲಿ ವಿಷಯ ತಿಳಿಸಿದಾಗ ಜಲಜ ಅಕ್ಕಿ ಆರಿಸುತ್ತಿದ್ದಳು.

"ಅಲ್ಲ, ನೀವು ಕುದುರೆ ಕಂಡದ್ದು ಎಲ್ಲಿ ಮಾರಾಯ್ರೆ?"

"ಕಾಣದಿದ್ದರೆ ಎಂತ? ನಾಲ್ಕು ಕಾಲು, ಒಂದು ಬಾಲ. ಎದುರಲ್ಲಿ ಬಾಯಿ, ಹಿಂದೆ ಸಗಣಿ."

"ಕುದುರೆಯದ್ದಕ್ಕೆ ಲದ್ದಿ ಅಂತ ಹೇಳುದು" ಎಂದಳು. "ಮೈಸೂರಿಗೆ ಹೋಗುವ ಮೊದಲು ಅಷ್ಟಾದ್ರೂ ಗೊತ್ತಿರ್ಲಿ."

ಒಂದು ಹೆಸರು ತಪ್ಪಿದ ಮಾತ್ರಕ್ಕೆ ಶಾಸ್ತ್ರ ತಪ್ಪುವುದಿಲ್ಲ! ನಾನು ಅಂಗಿಗೆ ಇಸ್ತ್ರಿ ಹಾಕಿಸಿ, ಕೊಡೆ ಹಿಡಿದುಕೊಂಡು ರೈಗಳ ಜತೆ ಬಸ್ಸು ಹತ್ತಿದೆ. ಸುಳ್ಯ ದಾಟಿ ಮಡಿಕೇರಿ ಘಾಟಿ ಹತ್ತುವಷ್ಟರಲ್ಲಿ ಐದು ಪರೀಕ್ಷೆಗಳನ್ನು ರೈಗಳಿಗೆ ಎರಡು ಸಲ ವಿವರಿಸಿದ್ದೆ. ಮೂರನೆಯ ಸಲ ಶುರು ಮಾಡಿದಾಗ ಎದುರಿನ ಸೀಟಿನ ಹೆಂಗಸು ಎದ್ದು ಹಿಂದೆ ಹೋಗಿ ಕೂತಳು. ಸಗಣಿಯ ಭಾಗ ಅವಳಿಗೆ ಹಿಡಿಸಲಿಲ್ಲ ಎಂದು ಕಾಣುತ್ತದೆ.

ಮೈಸೂರಿನ ಬೀಗರು ತಲೆಗೆ ಹ್ಯಾಟು, ಕೊರಳಿಗೆ ದುರ್ಬೀನು ಹಾಕಿಕೊಂಡು ನಮ್ಮನ್ನು ರೇಸಿಗೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ಪಂಥ ಕಟ್ಟಿದ ಎದುರಾಳಿಗೇ ಪಾಠ ಹೇಳಿಕೊಡಲು ಬಂದರು. ಕೈಯಲ್ಲಿ ರೇಸಿನ ಪುಸ್ತಕ, ಅದರ ತುಂಬ ಪೆನ್ಸಿಲಿನ ಗೆರೆ.

"ನೋಡ್ರೀ, ಈ ಓಟದಲ್ಲಿ ಒಂಬತ್ತು ಕುದುರೆ" ಎಂದರು. "ಮೂರನೇ ನಂಬರು ಹೋದ ಸಲ ಎರಡನೇದಾಗಿ ಬಂತು. ಆವಾಗ ಅದರ ಮೇಲೆ ಭಾರ ಜಾಸ್ತಿ ಹಾಕಿದ್ರು, ಈಗ ಕಮ್ಮಿ. ಈ ದೂರ ಅದಕ್ಕೆ ಒಗ್ಗುತ್ತೆ. ಜಾಕೀನೂ ಒಳ್ಳೆಯವನು. ಇಷ್ಟೆಲ್ಲ ಕೂಡಿಸಿ, ಕಳೆದು ನೋಡ್ಬೇಕು."

"ಓಡುವುದು ಕುದುರೆಯೋ ಪುಸ್ತಕವೋ?" ಎಂದು ಕೇಳಿದೆ.

ಬೀಗರು ಪುಸ್ತಕ ಮುಚ್ಚಿದರು. ರೈಗಳು ಹೆಮ್ಮೆಯಿಂದ ಮೀಸೆ ಮುಟ್ಟಿಕೊಂಡರು. ಮೊದಲ ಪೆಟ್ಟು ನಮ್ಮದು!

ಬೀಗರು ಮೇಲೆ ಗ್ಯಾಲರಿಯ ತಮ್ಮ ಮಾಮೂಲು ಜಾಗಕ್ಕೆ ಹೋದರು. ಓಟಕ್ಕೆ ಮೊದಲು ಕುದುರೆಗಳನ್ನು ಬೇಲಿಯೊಳಗೆ ಸುತ್ತು ಹೊಡೆಸುವ ಜಾಗವೊಂದಿದೆ. ನಾನೂ ರೈಗಳೂ ಅಲ್ಲಿಗೆ ಹೋಗಿ ನಿಂತೆವು. ಕುದುರೆಗಳನ್ನು ನೋಡಿದ ಕೂಡಲೇ ನನಗೆ ಬೇಸರವಾಯಿತು. ಎಲ್ಲ ಎಲುಬುಗೂಡು! ಒಂದೊಂದರ ಪಕ್ಕೆಲುಬನ್ನು ಎಣಿಸಬಹುದಿತ್ತು. ನಮ್ಮ ಆಸ್ಪತ್ರೆಗೆ ತಂದಿದ್ದರೆ ಎಲ್ಲಕ್ಕೂ ಮೊದಲು ಹುಳದ ಔಷಧಿ ಕುಡಿಸುತ್ತಿದ್ದೆ. ಬೀಗರು ಹೊಗಳಿದ ಮೂರನೇ ನಂಬರು ನನ್ನ ಎದುರೇ ಲದ್ದಿ ಹಾಕಿತು. ಬೇಲಿಯ ಮೇಲೆ ಬಗ್ಗಿ ಪರೀಕ್ಷಿಸಿದೆ.

"ಇದಕ್ಕೆ ಹೊಟ್ಟೆ ಸರಿ ಇಲ್ಲ" ಎಂದೆ. "ಅರ್ಧ ದಾರಿಯಲ್ಲಿ ಕೂರುತ್ತದೆ."

ಅಷ್ಟರಲ್ಲಿ ಬಿಸಿಲು ಏರಿತು. ನಾನು ಕೊಡೆ ಬಿಡಿಸಿದೆ. ಕರಿ ಕೊಡೆ ಫಟ್ಟೆಂದು ಬಿಚ್ಚಿಕೊಂಡದ್ದೇ ತಡ, ಒಳಗಿದ್ದ ಕುದುರೆಗಳು ಹೌಹಾರಿದವು! ಒಂದು ಹಿಂಗಾಲಲ್ಲಿ ಎದ್ದು ನಿಂತಿತು, ಇನ್ನೊಂದು ತನ್ನನ್ನು ಹಿಡಿದವನನ್ನು ಎಳೆದುಕೊಂಡು ಹೂವಿನ ಗಿಡಗಳ ಮೇಲೆ ಹೋಯಿತು. "ಯಾವನ್ರೀ ಅವನು, ಛತ್ರಿ ಮುಚ್ರೀ!" ಎಂದು ನಾಲ್ಕು ಕಡೆಯಿಂದ ಕೂಗಿದರು.

ನಾನು ಮುಚ್ಚಿದೆ. ಆದರೆ ಆ ಗದ್ದಲದ ನಡುವೆ ನನ್ನ ಕಣ್ಣಿಗೆ ಬೇಕಾದದ್ದು ಬಿದ್ದಿತ್ತು. ಬಾಗಿಲ ಹತ್ತಿರ ಒಂದು ಬಿಳಿ ಕುದುರೆ, ಕಿವಿಯನ್ನೂ ಅಲ್ಲಾಡಿಸದೆ ಬಂಡೆಯ ಹಾಗೆ ನಿಂತಿತ್ತು. ತುಂಬಿದ ಮೈ. ಶಾಂತವಾದ ಕಣ್ಣು. ಹೊಳೆಯುವ ಚರ್ಮ. ಗಟ್ಟಿ ಗೊರಸು, ಅದರ ಹಿಂದೆ ಹದವಾದ ಲದ್ದಿ. ಉಳಿದ ಕುದುರೆಗಳ ಜಾಕಿಗಳು ಇನ್ನೂ ಹತ್ತಿರಲಿಲ್ಲ. ಇದರ ಮೇಲೆ ಮಾತ್ರ ಕೆಂಪು ಕೋಟಿನ ಸವಾರ ಆಗಲೇ ಹತ್ತಿ ತಯಾರಾಗಿ ಕೂತಿದ್ದ. ಎಂಥ ಶಿಸ್ತು!

"ರೈಗಳೇ, ಇದೇ!" ಎಂದೆ.

"ನಂಬರು ಎಷ್ಟು?"

ನಂಬರು ಕಾಣಲಿಲ್ಲ. ಸವಾರನ ಕೋಟು ಮುಚ್ಚಿರಬೇಕು. ಅದಕ್ಕೇನಂತೆ, ನನಗೆ ಲೆಕ್ಕ ಬರುವುದಿಲ್ಲವೇ? ಉಳಿದವುಗಳ ನಂಬರು ನೋಡಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಏಳು, ಎಂಟು, ಒಂಬತ್ತು. ಎಂಟು ಕುದುರೆ. ಬಿಳಿಯದು ಸೇರಿ ಒಂಬತ್ತು. ಪುಸ್ತಕದಲ್ಲಿಯೂ ಒಂಬತ್ತು. ಹಾಗಾದರೆ ಬಿಳಿ ಕುದುರೆ ಆರು!

ಈ ಲೆಕ್ಕದಲ್ಲಿ ಇವತ್ತಿಗೂ ಯಾರೂ ತಪ್ಪು ತೋರಿಸಿಲ್ಲ. ನಿಜವಾದ ಆರನೇ ನಂಬರಿನ ಲಾಳ ಸಡಿಲವಾಗಿ, ಅದನ್ನು ಆಚೆ ಕರೆದುಕೊಂಡು ಹೋಗಿದ್ದರೆ ಅದು ನನಗೆ ಹೇಗೆ ಗೊತ್ತಾಗಬೇಕು?

ನಾವು ಆರರ ಮೇಲೆ ಒಂದೊಂದು ಟಿಕೆಟ್ಟು ತೆಗೆದೆವು. ರೈಗಳು ಮೇಲೆ ಹೋಗಿ ಬೀಗರಿಗೆ ನಂಬರು ಹೇಳಿ ಬಂದರು.

"ಬೀಗರು ನಗಾಡಿದ್ರು" ಎಂದರು. "ಆರು ಯಾವಾಗ್ಲೂ ಕೊನೆಗೆ ಬರುದಂತೆ."

"ನಗಾಡಲಿ" ಎಂದೆ.

ಕುದುರೆಗಳು ಹೊರಟವು. ಎಲ್ಲಕ್ಕಿಂತ ಮುಂದೆ ನಮ್ಮ ಬಿಳಿ ಕುದುರೆ! ಉಳಿದವು ಅದರ ಹಿಂದೆ ಸಾಲಾಗಿ.

"ನೋಡಿ ರೈಗಳೇ, ಓಟ ಶುರುವಾಗುವ ಮೊದಲೇ ಮುಂದೆ!"

"ಹೌದು ಮಾರಾಯ್ರೆ!" ರೈಗಳು ನನ್ನ ಬೆನ್ನಿಗೆ ಗುದ್ದಿದರು.

ಆಮೇಲೆ ಬಿಳಿ ಕುದುರೆ ಪಕ್ಕಕ್ಕೆ ಸರಿದು, ನಮ್ಮ ಎದುರಿನ ಬೇಲಿಯ ಹತ್ತಿರ ಬಂದು ನಿಂತಿತು. ಉಳಿದವು ದೂರಕ್ಕೆ ಹೋದವು. ಗಂಟೆ ಬಾರಿಸಿದರು. ಜನ ಹೋ ಎಂದರು. ದೂರದಲ್ಲಿ ಧೂಳು ಎದ್ದಿತು. ನಮ್ಮದು ನಿಂತೇ ಇತ್ತು!

"ಕಂಪೌಂಡ್ರೆ, ನಮ್ಮ ಕುದುರೆ ಎಂತ ಹೋಗದ್ದು?"

"ಸ್ವಲ್ಪ ತಡೆಯಿರಿ. ಬೇರೆಯವರು ಸುಸ್ತಾಗಲಿ ಅಂತ ಕಾಯುತ್ತಿದೆ."

ಧೂಳು ತಿರುವಿಗೆ ಬಂತು. ಕೆಂಪು ಕೋಟಿನವನು ಜೇಬಿನಿಂದ ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿದ. ಇನ್ನು ತಡೆಯಲಾಗಲಿಲ್ಲ. ನಾನು ಬೇಲಿ ಹಿಡಿದು ಕಂಬಳದ ಗದ್ದೆಯ ಅಂಚಿನಲ್ಲಿ ಕೂಗುವ ಹಾಗೆ ಕೂಗಿದೆ. "ಓಡಿಸು ಮಾರಾಯ! ಓಡಿಸು! ಎಲೆ ಮತ್ತೆ ತಿನ್ನಬಹುದು!" ಅವನು ನನ್ನನ್ನು ಒಮ್ಮೆ ನೋಡಿ, ಆಚೆ ತಿರುಗಿ ಉಗುಳಿದ. ನಮ್ಮ ಬೆನ್ನ ಹಿಂದೆ ಸಾವಿರಾರು ಜನ ಏನನ್ನೋ ಕಂಡು ಬೊಬ್ಬೆ ಹಾಕುತ್ತಿದ್ದರು. ನಾವಿಬ್ಬರು ಮಾತ್ರ ಓಡದ ಒಂದು ಕುದುರೆಯನ್ನು ನೋಡುತ್ತಿದ್ದೆವು. ಸಿಟ್ಟು ನೆತ್ತಿಗೇರಿತು. ನನ್ನ ಟಿಕೆಟ್ಟನ್ನು ಎಂಟು ಚೂರು ಮಾಡಿ ಗಾಳಿಗೆ ಎಸೆದೆ.

ಆಗ ಬೀಗರು ಹ್ಯಾಟು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದು ಓಡಿ ಬಂದರು. ರೈಗಳನ್ನು ತಬ್ಬಿಕೊಂಡರು.

"ಆರು! ಬೀಗರೇ, ಆರು ಗೆದ್ದುಬಿಡ್ತು! ಯಾರೂ ಅಂದ್ಕೊಂಡಿರ್ಲಿಲ್ಲ!" ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ಸ್ವಾಮೀ, ಇಪ್ಪತ್ತು ವರ್ಷದಿಂದ ಪುಸ್ತಕ ಓದ್ತಾ ಇದೀನಿ. ನೀವು ಹೇಗ್ರೀ ಕಂಡುಹಿಡಿದ್ರಿ?"

ಈ ಜಾಗದಲ್ಲಿ ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಸುಮ್ಮನೆ ನಗಬೇಕಿತ್ತು. ರೈಗಳು ಬುದ್ಧಿವಂತರು. ಏನೂ ಅರ್ಥವಾಗದಿದ್ದರೂ ಬಾಯಿ ಮುಚ್ಚಿ ನಿಂತು, ನನ್ನ ಕೈಯನ್ನು ಬಲವಾಗಿ ಚಿವುಟಿದರು.

ಆದರೆ ನನ್ನ ಟಿಕೆಟ್ಟಿನ ಚೂರುಗಳು ಇನ್ನೂ ಕಾಲ ಬುಡದಲ್ಲಿ ಬಿದ್ದಿದ್ದವು. ಗೆದ್ದದ್ದು ಆರು ಎಂದರೆ, ಗೆದ್ದ ಟಿಕೆಟ್ಟು ಹರಿದ ಮೂರ್ಖ ನಾನೆಂದಾಯಿತು. ಒಪ್ಪುವುದು ಹೇಗೆ?

"ಆರು ಗೆಲ್ಲುವುದು ಹೇಗೆ?" ಎಂದೆ. "ಆರು ಅಗೋ ಅಲ್ಲಿ ನಿಂತಿದೆ!"

ಬೀಗರು ನಾನು ತೋರಿಸಿದ ಕಡೆ ನೋಡಿದರು. ದುರ್ಬೀನು ಹಾಕಿಯೂ ನೋಡಿದರು.

"ಆ ಬಿಳೀದಾ? ಅದು ಓಡೋ ಕುದುರೆ ಅಲ್ರೀ. ಉಳಿದ ಕುದುರೆಗಳನ್ನ ಕರ್ಕೊಂಡು ಹೋಗೋ ಕುದುರೆ. ಅದಕ್ಕೆ ನಂಬರೇ ಇಲ್ಲ. ಗೆದ್ದದ್ದು ಈ ಕಂದು ಬಣ್ಣದ್ದು ನೋಡಿ."

ಗೆದ್ದ ಕುದುರೆಯನ್ನು ನಮ್ಮ ಎದುರೇ ನಡೆಸಿಕೊಂಡು ಬಂದರು. ಪಕ್ಕೆಲುಬು ಎದ್ದ, ಬೆವರು ಸುರಿಯುವ, ಕಣ್ಣು ತಿರುಗಿಸುವ ಒಂದು ಬಡಕಲು ಪ್ರಾಣಿ. ರೈಗಳ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು. ಆದರೂ ನಾನು ಹೇಳಿಯೇಬಿಟ್ಟೆ.

"ಈ ರೋಗಿಷ್ಟ ಕುದುರೆಯನ್ನು ನಾನು ಆರಿಸಿದೆ ಅಂತ ಯಾರು ಹೇಳಿದ್ದು? ನನ್ನ ಮರ್ಯಾದೆ ಎಂತ ಆಗಬೇಕು? ನಾನು ಆರಿಸಿದ್ದು ಬಿಳಿ ಕುದುರೆ! ಅದು ಓಡಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು?" ಅಷ್ಟಕ್ಕೆ ನಿಲ್ಲಿಸದೆ ಐದು ಪರೀಕ್ಷೆಗಳನ್ನೂ ವಿವರಿಸಿದೆ. ಸುತ್ತ ಜನ ಸೇರಿದರು. ಒಬ್ಬರು ಕುರ್ಚಿ ತಂದುಕೊಂಡರು.

ಬೀಗರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಬೀಗರೇ, ನಿಮ್ಮ ಪಂಡಿತರೇ ಹೇಳ್ತಿದಾರಲ್ಲ, ಗೆದ್ದಿದ್ದು ಅವರ ಕುದುರೆ ಅಲ್ವಂತೆ. ಪಂಥ ಏನ್ಮಾಡೋಣ?"

ರೈಗಳು ಕೊಟ್ಟ ಮಾತಿಗೆ ತಪ್ಪದ ಮನುಷ್ಯ. "ಸೋತೆ" ಎಂದರು. ಆಗ ಮಾತ್ರ ನನಗೆ ಹೊಳೆಯಿತು. ಗೆದ್ದು ಕೈಗೆ ಬಂದ ಪಂಥವನ್ನು ನಾನೇ ಕಾಲು ಗಂಟೆ ವಾದ ಮಾಡಿ ಸೋಲಿಸಿದ್ದೆ.

ಊರಿಗೆ ಮರಳುವಾಗ ಬಸ್ಸು ಸುಳ್ಯದಲ್ಲಿ ನಿಂತಿತು, ರೈಗಳು ತಮ್ಮ ಟಿಕೆಟ್ಟಿಗೆ ಬಂದ ದುಡ್ಡಿನಲ್ಲೇ ಇಬ್ಬರಿಗೂ ಚಹಾ ಹೇಳಿದರು. ಅಲ್ಲಿ ಚಹಾ ಕುಡಿಯುವಾಗ ಲೋಟ ನೋಡುತ್ತ ಹೇಳಿದರು. "ಕಂಪೌಂಡ್ರೆ, ಎತ್ತಿನ ಬಾಯಿ ಬಿಡಿಸ್ಲಿಕ್ಕೆ ನಿಮಗೆ ಗೊತ್ತುಂಟು. ನಿಮ್ಮದನ್ನು ಮುಚ್ಚಿಸ್ಲಿಕ್ಕೆ ಯಾರಿಗೆ ಗೊತ್ತುಂಟು?"

ಆ ವರ್ಷ ಕೋಣಗಳು ಕೊಟ್ಟಿಗೆಯಲ್ಲೇ ಉಳಿದವು. ನಾನು ವಾರಕ್ಕೊಮ್ಮೆ ಸವಣೂರಿಗೆ ಹೋಗಿ ಅವುಗಳ ಮೈಗೆ ಎಣ್ಣೆ ತಿಕ್ಕಿ ಬರುತ್ತಿದ್ದೆ. ಯಾರೂ ಕರೆದಿರಲಿಲ್ಲ. ರೈಗಳೂ ಬೇಡ ಎನ್ನಲಿಲ್ಲ, ಮಾತೂ ಆಡಲಿಲ್ಲ. ಕಂಬಳದ ದಿನ ದೂರದಿಂದ ಡೋಲಿನ ಸದ್ದು ಕೇಳಿದಾಗ ಎರಡು ಕೋಣಗಳೂ ಹಗ್ಗ ಜಗ್ಗಿ ಕಾಲು ಕೆರೆದವು. ನಾನು ಅವುಗಳ ನಡುವೆ ನಿಂತು ಎರಡರ ಕುತ್ತಿಗೆಗೂ ಕೈ ಹಾಕಿ, "ಬರುವ ವರ್ಷ" ಎಂದೆ. ತಿರುಗಿದಾಗ ರೈಗಳು ಬಾಗಿಲಲ್ಲಿ ನಿಂತಿದ್ದರು. "ಬನ್ನಿ, ಊಟ ಆಗ್ಲಿ" ಎಂದರು. ಅಲ್ಲಿಗೆ ನಮ್ಮ ಮನಸ್ತಾಪ ಮುಗಿಯಿತು.

ಮುಂದಿನ ದಸರಾ ಹೊತ್ತಿಗೆ ಬೀಗರಿಂದ ಒಂದು ಕಾಗದ ಬಂತು. ನನ್ನ ಹೆಸರಿಗೇ! ಜಲಜ ಗಟ್ಟಿಯಾಗಿ ಓದಿದಳು. ಹೋದ ವರ್ಷ ನಾನು ತಪ್ಪಿ ಹೇಳಿದ ನಂಬರು ಗೆದ್ದ ಸಂಗತಿಯನ್ನು ಅವರು ಮರೆತಿರಲಿಲ್ಲ. ಹೋಗಿಬರುವ ಖರ್ಚು ಅವರದ್ದೇ, ಊಟ ವಸತಿಯೂ ಅವರಲ್ಲೇ. ನಾನು ಬಂದು ಇನ್ನೊಮ್ಮೆ ತಪ್ಪಾಗಿ ಒಂದು ಕುದುರೆ ಆರಿಸಿಕೊಡಬೇಕಂತೆ!

"ನನ್ನನ್ನು ಎಂತ ಅಂತ ಎಣಿಸಿದ್ದಾರೆ?" ಎಂದು ಎದ್ದು ನಿಂತೆ. "ನಾನು ಹೋಗುವುದಿಲ್ಲ!"

"ಹೋಗಿ ಬನ್ನಿ" ಎಂದಳು ಜಲಜ. "ಇಷ್ಟು ವರ್ಷ ಮನೆಯಲ್ಲಿ ಧರ್ಮಕ್ಕೆ ಮಾಡಿದ ಕೆಲಸವನ್ನು ಅಲ್ಲಿ ಬಸ್ಸಿನ ದುಡ್ಡು ಕೊಟ್ಟು ಮಾಡಿಸ್ಕೊಳ್ತಾರೆ."

ಹೋದೆ. ಸವಾಲೆಂದ ಮೇಲೆ ಹಿಂದೆ ಸರಿಯುವ ಜಾತಿ ನನ್ನದಲ್ಲ. ಒಳ್ಳೆಯದೆಂದು ಕಂಡ ಕುದುರೆಗಳನ್ನೆಲ್ಲ ಬಿಟ್ಟು, ಅತ್ಯಂತ ಎಚ್ಚರಿಕೆಯಿಂದ, ನನ್ನ ಎಲ್ಲ ಅನುಭವವನ್ನೂ ಬಳಸಿ, ಖಂಡಿತ ಸೋಲುತ್ತದೆ ಎನಿಸಿದ, ಅಪ್ಪಟ ತಪ್ಪಾದ ಒಂದನ್ನು ಆರಿಸಿಕೊಟ್ಟೆ. ಬೀಗರು ಕಣ್ಣು ಮುಚ್ಚಿ ಅದರ ಮೇಲೆ ಹಣ ಕಟ್ಟಿದರು.

ಅದು ಕೊನೆಯದಾಗಿ ಬಂತು.

ಬೀಗರು ಕೊರಳಿನ ದುರ್ಬೀನು ತೆಗೆದಿಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ ಸ್ವಾಮೀ. ಜೀವಮಾನದಲ್ಲಿ ಒಂದೇ ಒಂದು ಸಲ ನೀವು ಸರಿಯಾಗಿ ಹೇಳಿದ್ರಿ, ಅದೂ ಇವತ್ತೇ ಆಗ್ಬೇಕಾಗಿತ್ತಾ?"