ಮಲಯಾಳದಲ್ಲಿ ನಾನು ಎತ್ತಿದ ಕೈ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದಕ್ಕೆ ಎಂಟೆದೆ ಬೇಕು. ನನಗಿರುವುದು ಒಂದೇ ಎದೆ, ಅದೂ ಡಾಕ್ಟರು ಹೇಳುವ ಪ್ರಕಾರ ಅಷ್ಟೇನೂ ಗಟ್ಟಿಯಲ್ಲ. ಹಾಗಾಗಿ ಜೀವಮಾನವಿಡೀ ಎಲ್ಲ ತಿಳಿದವನಂತೆ ತಲೆಯಾಡಿಸಿಕೊಂಡೇ ಬಂದಿದ್ದೇನೆ. ಸಂಗೀತ ಕಚೇರಿಯಲ್ಲಿ ರಾಗ ಗೊತ್ತಾಗದೆ ತಲೆಯಾಡಿಸಿದ್ದೇನೆ, ಮದುವೆಮನೆಯಲ್ಲಿ ಪುರೋಹಿತರ ಸಂಸ್ಕೃತಕ್ಕೆ ಆಡಿಸಿದ್ದೇನೆ, ಬ್ಯಾಂಕಿನಲ್ಲಿ ಮೇಲಧಿಕಾರಿಗಳ ಇಂಗ್ಲಿಷಿಗಂತೂ ಕತ್ತು ನೋಯುವಷ್ಟು ಆಡಿಸಿದ್ದೇನೆ. ಇದರಿಂದ ಯಾರ ಮನೆಯೂ ಮುಳುಗಿರಲಿಲ್ಲ. ಆದರೆ ಎಪ್ಪತ್ತರ ದಶಕದ ಮೊದಲಲ್ಲಿ, ಕೊಚ್ಚಿಯಲ್ಲಿ, ತಲೆಯಾಡಿಸುವುದು ಸಾಲದೆಂದು ಒಮ್ಮೆ ಕೈಯನ್ನೂ ಎತ್ತಿಬಿಟ್ಟೆ. ಆ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಆಗ ನನಗೆ ಮೈಸೂರಿನಿಂದ ಕೊಚ್ಚಿಯ ಮಟ್ಟಾಂಚೇರಿ ಶಾಖೆಗೆ ವರ್ಗವಾಗಿತ್ತು. ಬ್ಯಾಂಕಿನ ಅಕ್ಕಪಕ್ಕವೆಲ್ಲ ಮೆಣಸು, ಒಣಶುಂಠಿಯ ಗೋದಾಮುಗಳು. ಸೀನುತ್ತಲೇ ಸಹಿ ಹಾಕಬೇಕು. ಹೊರಡುವಾಗ ನನ್ನ ಹೆಂಡತಿ ಕಮಲ, "ಭಾಷೆ ಬರದ ಊರಲ್ಲಿ ಹೇಗ್ರೀ ಬದುಕೋದು?" ಎಂದು ಕಣ್ಣೀರು ಹಾಕಿದಾಗ, "ಹುಚ್ಚಿ, ಕನ್ನಡ ಮಲಯಾಳ ಎರಡೂ ಅಕ್ಕತಂಗಿಯರು ಕಣೆ. ಹದಿನೈದು ದಿನದಲ್ಲಿ ಬಂದುಬಿಡುತ್ತೆ" ಎಂದು ಧೈರ್ಯ ಹೇಳಿದ್ದವನು ನಾನು. ಹದಿನೈದು ದಿನದಲ್ಲಿ ಬಂದದ್ದು ಅವಳಿಗೆ, ತರಕಾರಿ ಮಾರುವ ಹೆಂಗಸಿನೊಡನೆ ಚೌಕಾಸಿ ಮಾಡುತ್ತಾ ಮಾಡುತ್ತಾ. ಮಗಳು ಸುಮಾ ಅಂತೂ ನಿದ್ದೆಯಲ್ಲೂ ಮಲಯಾಳದಲ್ಲೇ ಕನವರಿಸುತ್ತಿದ್ದಳು. ನಾನು ಮಾತ್ರ ಬ್ಯಾಂಕಿನ ಗುಮಾಸ್ತರಿಗೆಲ್ಲ, "ನಾಳೆ ಎಲ್ಲರೂ ತಪ್ಪದೆ ನಿಮ್ಮ ನಿಮ್ಮ ಪಟ್ಟಿ ತರಬೇಕು" ಎಂದು ಅಪ್ಪಣೆ ಮಾಡಿ, ಅವರೆಲ್ಲ ಮುಖ ಮುಖ ನೋಡಿಕೊಂಡಮೇಲೆ, ಅಲ್ಲಿ ಪಟ್ಟಿ ಎಂದರೆ ನಾಯಿ ಎಂದು ತಿಳಿದುಕೊಂಡೆ. ಅಕ್ಕತಂಗಿಯರು ಹೌದು, ಆದರೆ ಒಬ್ಬರಿಗೊಬ್ಬರು ಮಾತು ಬಿಟ್ಟ ಅಕ್ಕತಂಗಿಯರು.

ಇಂಥ ನನ್ನನ್ನು ಸುಮಾಳ ಶಾಲೆಯ ಸಮಿತಿಗೆ ಸೇರಿಸಿಕೊಂಡರು. ಬ್ಯಾಂಕಿನವರೊಬ್ಬರಿದ್ದರೆ ಸಮಿತಿಗೆ ತೂಕ ಎಂದು ಅಧ್ಯಕ್ಷರಾದ ಕುರುಪ್ ಸಾರ್ ಅವರ ಲೆಕ್ಕಾಚಾರ. "ಸಾರ್‌ಗೆ ಮಲಯಾಳಂ ಅರಿಯಾಮಲ್ಲೋ?" ಎಂದು ಕೇಳಿದರು. ಅರಿಯಾಂ ಎಂದರೆ ಗೊತ್ತು ಎಂದರ್ಥ. ನಾನು ಒಂದು ಕ್ಷಣವೂ ತಡಮಾಡದೆ "ಪಿನ್ನೇ!" ಎಂದೆ. ಮತ್ತೇನು ಅಂದುಕೊಂಡಿರಿ ಎನ್ನುವ ಆ ಗತ್ತಿನ ಪದವೊಂದು ನನಗೆ ಚೆನ್ನಾಗಿ ಬರುತ್ತಿತ್ತು.

ಆ ಶಾಲೆಯಲ್ಲಿ ಲೀಲಾ ಟೀಚರ್ ಎಂಬ ಹೊಲಿಗೆಯ ಟೀಚರ್ ಇದ್ದರು. ಶಾಲೆಗೆ ಸೇರಿದ ಮೊದಲ ವಾರ ಸುಮಾ ಯಾರ ಮಾತೂ ತಿಳಿಯದೆ ಬೆಂಚಿನ ಕೆಳಗೆ ಕೂತು ಅಳುತ್ತಿದ್ದಾಗ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ಕೈಗೊಂದು ಸೂಜಿದಾರ ಕೊಟ್ಟು ಸಮಾಧಾನ ಮಾಡಿದವರು ಅವರೇ. ಅವರ ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು, ಸೊಂಟಕ್ಕೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದ. ಇವರ ಸಂಬಳದಲ್ಲೇ ಸಂಸಾರ ನಡೆಯಬೇಕು. ದಿನಾ ದೋಣಿ ಹತ್ತಿ ಬರುತ್ತಿದ್ದರು. ಒಂದು ದಿನವೂ ತಡವಾಗಿದ್ದಿಲ್ಲ ಎಂದು ಸುಮಾ ಹೇಳುತ್ತಿದ್ದಳು.

ಆ ವರ್ಷ ಸರ್ಕಾರದ ಬಜೆಟ್ಟಿನಲ್ಲಿ ಕಡಿತವಾಯಿತು. ಹೊಲಿಗೆ ಟೀಚರ್ ಹುದ್ದೆಗೆ ಇನ್ನು ಮೇಲೆ ಗ್ರಾಂಟ್ ಇಲ್ಲ ಎಂದು ಸುತ್ತೋಲೆ ಬಂತು. ಸಮಿತಿ ಸೇರಿತು. ಉಳಿದ ನಾಲ್ವರೂ ಗಂಟೆಗಟ್ಟಲೆ ಮಾತಾಡಿದರು. ನಾನು ತಲೆಯಾಡಿಸಿದೆ. ಆ ಮಾತಿನ ಪ್ರವಾಹದಲ್ಲಿ ನನ್ನ ಕೈಗೆ ಸಿಕ್ಕಿದ್ದು ಒಂದೇ ಪದ, ಪಿರಿವು. ಅದು ನನಗೆ ಗೊತ್ತಿತ್ತು! ಪಿರಿವು ಎಂದರೆ ಚಂದಾ ಎತ್ತುವುದು. ಓಣಂ ಬಂದರೆ ಬ್ಯಾಂಕಿನಲ್ಲಿ ಪಿರಿವು, ಯಾರಾದರೂ ನಿವೃತ್ತರಾದರೆ ಪಿರಿವು. ಓಹೋ, ತಂದೆತಾಯಿಗಳೆಲ್ಲ ಸೇರಿ ಟೀಚರ್ ಸಂಬಳಕ್ಕೆ ಚಂದಾ ಎತ್ತುತ್ತಾರೆ, ಎಂಥ ಒಳ್ಳೆಯ ಜನ ಎಂದು ನನ್ನ ಕಣ್ಣೇ ಒದ್ದೆಯಾಯಿತು. ಕೊನೆಗೆ ಕುರುಪ್ ಸಾರ್ ಮೆಲ್ಲನೆ, "ಲೀಲಾ ಟೀಚರೆ ಪಿರಿಚ್ಚುವಿಡಾಂ, ಅಲ್ಲೇ? ಸಮ್ಮದಮುಳ್ಳವರ್ ಕೈ ಪೊಕ್ಕಣಂ" ಎಂದರು. ಸಮ್ಮತವಿದ್ದವರು ಕೈ ಎತ್ತಿ ಎಂದಷ್ಟು ತಿಳಿಯಿತು. ಯಾರೂ ಎತ್ತಲಿಲ್ಲ. ಒಬ್ಬರು ಕಿಟಕಿಯಾಚೆ ನೋಡಿದರು, ಇನ್ನೊಬ್ಬರು ಕನ್ನಡಕ ಒರೆಸಿಕೊಂಡರು. ಥೂ, ಚಂದಾ ಎಂದೊಡನೆ ಇವರ ಮುಖ ನೋಡು ಎಂದು ನನಗೆ ರೇಗಿಹೋಯಿತು. ಧಡಕ್ಕನೆ ಎದ್ದು ನಿಂತು, ಬಲಗೈ ಮೇಲೆತ್ತಿ, "ಇನ್ನು ತನ್ನೆ ವೇಣಂ!" ಎಂದು ಗುಡುಗಿದೆ. ಇವತ್ತೇ ಆಗಬೇಕು! ಉಳಿದ ಕೈಗಳು ಒಂದೊಂದಾಗಿ ಮೇಲೆದ್ದವು.

ಮನೆಗೆ ಬಂದು ಎದೆಯುಬ್ಬಿಸಿಕೊಂಡು ಕಮಲಳಿಗೆ ವರದಿ ಒಪ್ಪಿಸಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳಿ. ಪಿರಿವು ಅಂದ್ರಾ, ಪಿರಿಚ್ಚುವಿಡೋದು ಅಂದ್ರಾ?"

"ಎರಡೂ ಒಂದೇ ತಾನೆ?"

"ಅಯ್ಯೋ ದೇವರೇ! ಪಿರಿಚ್ಚುವಿಡೋದು ಅಂದ್ರೆ ಕೆಲಸದಿಂದ ತೆಗೆದುಹಾಕೋದು ಕಣ್ರೀ. ಆ ಪುಣ್ಯಾತ್ಗಿತ್ತಿ ಹೊಟ್ಟೆ ಮೇಲೆ ಹೊಡೆದು ಬಂದಿದ್ದೀರಲ್ರೀ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕಮಲ ಹಾಗೆ ಬಿಡುವವಳಲ್ಲ. "ಬೆಳಿಗ್ಗೆನೇ ಹೋಗಿ ನಿಜ ಹೇಳಿ. 'ಎನಿಕ್ಕ್ ಮನಸ್ಸಿಲಾಯಿಲ್ಲ, ಕ್ಷಮಿಕ್ಕಣಂ.' ನನಗೆ ಅರ್ಥವಾಗಲಿಲ್ಲ, ಕ್ಷಮಿಸಿ ಅಂತ. ಅಷ್ಟೇ ಸಾಕು" ಎಂದು ಮಗುವಿಗೆ ಹೇಳಿಕೊಡುವಂತೆ ಹತ್ತು ಸಲ ಹೇಳಿಸಿದಳು. ಮರುದಿನ ಅದನ್ನೇ ಬಾಯಿಪಾಠ ಮಾಡುತ್ತಾ ಕುರುಪ್ ಸಾರ್ ಮನೆಗೆ ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ನನಗೂ ತಿಳಿಯುವಂಥ ಸರಳ ಇಂಗ್ಲಿಷಿನಲ್ಲಿ ಹೇಳಿದರು: "ನಿನ್ನೆ ನೀವಿಲ್ಲದಿದ್ದರೆ ಆಗುತ್ತಿರಲಿಲ್ಲ. ಒಬ್ಬರಾದರೂ ಚಂದಾ ಎತ್ತೋಣ ಎಂದು ಪಟ್ಟು ಹಿಡಿದಿದ್ದರೆ ನಾನೂ ಒಪ್ಪಿಬಿಡುತ್ತಿದ್ದೆ. ಪಾಪದ ಕೆಲಸ, ಆದರೆ ನಿಮ್ಮಂಥ ಗಟ್ಟಿ ಮನುಷ್ಯರು ಬೇಕು. ಪತ್ರ ಮಧ್ಯಾಹ್ನ ಕಳಿಸುತ್ತೇನೆ." ಪತ್ರ ಮೇಜಿನ ಮೇಲೇ ಇತ್ತು, ಇನ್ನೂ ಸಹಿಯಾಗಿರಲಿಲ್ಲ. ಬಾಯಿ ತೆರೆದಿದ್ದರೆ ಆಗುತ್ತಿತ್ತು. ಆದರೆ ಗಟ್ಟಿ ಮನುಷ್ಯ ಎಂದು ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಕೊಟ್ಟ ಚಹಾ ಕುಡಿದು, ಎದ್ದು ಬಂದೆ. ಕಮಲಳಿಗೆ, "ಹೇಳಿದೆ ಕಣೆ, ಅವರು ಒಪ್ಪಲಿಲ್ಲ" ಎಂದು ಸುಳ್ಳು ಹೇಳಿದೆ. ಅವಳು ನಂಬಿದಳು. ಆ ಸುಳ್ಳು ಇವತ್ತಿಗೂ ಹೊಟ್ಟೆಯಲ್ಲಿ ಕರಗಿಲ್ಲ.

ವಾರದ ಮೇಲೆ ಬೋಟ್ ಜೆಟ್ಟಿಯಲ್ಲಿ ಲೀಲಾ ಟೀಚರ್ ಎದುರಾದರು. ನನ್ನ ಪಕ್ಕದಲ್ಲಿ ಬ್ಯಾಂಕಿನ ಇಬ್ಬರು ಗುಮಾಸ್ತರಿದ್ದರು. ಟೀಚರ್ ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ, ನಿಧಾನವಾಗಿ, "ಸಾರ್ ಅಲ್ವಂತೆ ಮೊದಲು ಕೈ ಎತ್ತಿದ್ದು? ನನ್ನಿಂದ ಏನು ತಪ್ಪಾಯಿತು ಸಾರ್? ನಿಮ್ಮ ಮಗಳು ಸುಮಾ ಏನಾದರೂ ಹೇಳಿದಳೇ?" ಎಂದು ಕೇಳಿದರು. ಕಮಲ ಹೇಳಿಕೊಟ್ಟ ಮಾತು ನಾಲಿಗೆಯ ತುದಿಗೆ ಬಂತು. ಗುಮಾಸ್ತರು ಕಿವಿಗೊಟ್ಟು ನಿಂತಿದ್ದರು. ಅರ್ಥವಾಗದೆ ಕೈ ಎತ್ತಿದ ದಡ್ಡನಾಗಬೇಕೋ, ಅರ್ಥವಾಗಿಯೇ ಎತ್ತಿದ ಕಟುಕನಾಗಬೇಕೋ? ಸ್ವಾಮಿ, ನಾನು ಕಟುಕನಾಗುವುದೇ ವಾಸಿ ಎಂದುಕೊಂಡೆ.

"ಸರ್ಕಾರಿಂಟೆ ತೀರುಮಾನಮಾಣ್ ಟೀಚರೇ, ಞಾನ್ ಎಂದು ಚೆಯ್ಯಾನಾ?" ಎಂದೆ. ಸರ್ಕಾರದ ತೀರ್ಮಾನ, ನಾನೇನು ಮಾಡಲಿ? ಎಲ್ಲೂ ತಡವರಿಸಲಿಲ್ಲ, ಒಂದಕ್ಷರ ತಪ್ಪಲಿಲ್ಲ.

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಸಾರ್ ಈಗ ಮಲಯಾಳಂ ಚೆನ್ನಾಗಿ ಮಾತಾಡ್ತೀರಿ" ಎಂದು ಹೇಳಿ ದೋಣಿ ಹತ್ತಿದರು.

ಕೊಚ್ಚಿಯಲ್ಲಿದ್ದ ಮೂರು ವರ್ಷಗಳಲ್ಲಿ ನನ್ನ ಮಲಯಾಳವನ್ನು ಹೊಗಳಿದವರು ಅವರೊಬ್ಬರೇ. ನಾನು ಜೆಟ್ಟಿಯ ಮೇಲೆ ನಿಂತು, ಕೈಮುಗಿದು, "ವಳರೆ ನಂದಿ ಟೀಚರೇ" ಎಂದು ಥ್ಯಾಂಕ್ಸ್ ಹೇಳಿದೆ.