ಮುನಿರಾಜುಗೊಂದು ಇಂಗ್ಲಿಷ್ ಪದ

ಆ ಸೋಮವಾರ ನಲ್ಲಪ್ಪನಿಗೆ ಬೇಕಾಗಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದ. ಅದೂ ಸಂಜೆ ನಾಲ್ಕು ಗಂಟೆಯೊಳಗೆ.

ನಲ್ಲಪ್ಪ ಪೀಣ್ಯದ ಒಂದು ಪಂಪ್‌ಸೆಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಕೆಲಸಗಾರರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದಿಡುವುದು ಅವನ ಕೆಲಸ. ಸೇರಿ ಹನ್ನೊಂದು ತಿಂಗಳಾಗಿತ್ತು. ಹನ್ನೆರಡು ತುಂಬಿದಾಗ ಮ್ಯಾನೇಜರ್ ಗೋಪಾಲಪ್ಪನವರು ಸಹಿ ಹಾಕಿದರೆ ಕೆಲಸ ಖಾಯಂ. ಹಾಕದಿದ್ದರೆ ಆನೇಕಲ್ ಬಸ್ಸು ಹತ್ತಿ ಊರಿಗೆ ಹೋಗಬೇಕು. ಹೀಗಾಗಿ ಗೋಪಾಲಪ್ಪನವರು ಕೆಮ್ಮಿದರೂ ನಲ್ಲಪ್ಪ ಎದ್ದು ನಿಲ್ಲುತ್ತಿದ್ದ.

ಬೆಳಿಗ್ಗೆ ಒಂಬತ್ತಕ್ಕೇ ಅವರು ಕರೆಸಿದರು. "ಕೂತ್ಕೋ" ಅಂದರು. ಹನ್ನೊಂದು ತಿಂಗಳಲ್ಲಿ ಅವರು ಹಾಗಂದದ್ದು ಅದೇ ಮೊದಲು. ನಲ್ಲಪ್ಪ ಕುರ್ಚಿಯ ತುದಿಯಲ್ಲಿ ಕೂತ.

"ನನ್ನ ಬಾಮೈದ ಮುನಿರಾಜುಗೆ ಆನೇಕಲ್ ಕಡೆಯಿಂದ ಒಂದು ಸಂಬಂಧ ಬಂದಿದೆ ಕಣಯ್ಯ. ಹೆಣ್ಣಿನ ತಂದೆ ಚಿಕ್ಕಬೈರಪ್ಪ ಅಂತ, ರಿಟೈರ್ಡ್ ಪೋಸ್ಟ್‌ಮಾಸ್ಟರು. ನಿಮ್ಮ ಸೋದರಮಾವ ಅವರಿಗೆ ಬೇಕಾದೋರಂತೆ. ಹುಡುಗ ಹೇಗೆ ಅಂತ ನಿನ್ನ ಕೈಲಿ ಎರಡು ಸಾಲು ಬರೆಸ್ಕೊಳ್ತಾರಂತೆ. ನಾಲ್ಕಕ್ಕೆ ಅವರೇ ಬರ್ತಾರೆ."

"ಬ... ಬರೀತೀನಿ ಸಾರ್."

"ಇಂಗ್ಲಿಷ್‌ನಲ್ಲಿ ಬರಿ, ಒಂದು ತೂಕ ಇರುತ್ತೆ. ಹುಡುಗ ಸ್ಥಿರವಾಗಿದ್ದಾನೆ ಅನ್ನೋ ಅರ್ಥ ಬರಬೇಕು. ಪದ ಮಾತ್ರ ನೀನೇ ಹುಡುಕು, ನಾನು ಹೇಳಿಕೊಟ್ಟ ಹಾಗಿರಬಾರದು." ಗೋಪಾಲಪ್ಪನವರು ಮುಗುಳ್ನಕ್ಕರು. "ನಿನ್ನ ಕನ್ಫರ್ಮೇಶನ್ ಪೇಪರ್ ಇಲ್ಲೇ ಮೇಜಿನ ಮೇಲಿದೆ, ನೋಡ್ತಿದ್ದೀನಿ."

ಆ ನಗೆಗಿಂತ ಅವರು ಎರಡು ಬೈದಿದ್ದರೇ ವಾಸಿಯಿತ್ತು.

ಮುನಿರಾಜು ಎಂಥವನೆಂದು ಪೀಣ್ಯಕ್ಕೆಲ್ಲ ಗೊತ್ತಿತ್ತು. ನಾಲ್ಕು ವರ್ಷದಲ್ಲಿ ಏಳು ಕೆಲಸ. ಗಡಿಯಾರದ ಅಂಗಡಿಯಲ್ಲಿ ಒಂದು ತಿಂಗಳು, ಲಾರಿ ಬುಕಿಂಗ್ ಆಫೀಸಿನಲ್ಲಿ ಎರಡು, ಸೋಪಿನ ಏಜೆನ್ಸಿಯಲ್ಲಿ ಸೋಪು ಕರಗುವಷ್ಟು ದಿನ. ಹಾಗೆಂದು ಬರೆದರೆ ನಲ್ಲಪ್ಪನ ಕೆಲಸ ಹೋಗುತ್ತದೆ. ಬರೆಯದಿದ್ದರೆ ಯಾರದೋ ಮಗಳ ಬಾಳು ಹಾಳಾಗಿ, ಅದು ಸೋದರಮಾವನ ಕಿವಿಗೆ ಬಿದ್ದು, ಊರಲ್ಲಿ ಮುಖ ತೋರಿಸುವ ಹಾಗಿಲ್ಲ. ಬಹಳ ಹೊತ್ತು ಬೆವರಿದ ಮೇಲೆ ಊರು ದೂರ, ಗೋಪಾಲಪ್ಪ ಹತ್ತಿರ ಎಂದು ಸಮಾಧಾನ ಮಾಡಿಕೊಂಡ.

ಮೊದಲು ಹೊಳೆದದ್ದು 'ಸ್ಟೇಬಲ್'. ಕಾಗದ ತರಲು ಹೋದಾಗ ಸ್ಟೋರ್ ಕೀಪರ್ ದಾಸಪ್ಪನ ಮುಂದೆ ಬಾಯಿಬಿಟ್ಟ. ದಾಸಪ್ಪ ಬೇಡವೆಂದರೂ ಸಲಹೆ ಕೊಡುವ ಮನುಷ್ಯ.

"ಸ್ಟೇಬಲ್? ಲೇ, ಅಂದ್ರೆ ಕುದುರೆ ಲಾಯ ಕಣೋ! ರೇಸ್‌ಕೋರ್ಸ್ ಹತ್ರ ಬೋರ್ಡು ನೋಡಿದೀನಿ. ಮುನಿರಾಜು ಶನಿವಾರ ಭಾನುವಾರ ಅಲ್ಲೇ ಬಿದ್ದಿರ್ತಾನೆ ಅಂತ ನೀನೇ ಹೇಳ್ಕೊಟ್ಟಂಗಾಯ್ತು!"

"ಅಯ್ಯೋ! ಹಾಗಾದ್ರೆ ಸ್ಟೇಷನರಿ ಅಂತ ಹಾಕ್ಲಾ? ನಿಂತ ಕಡೆ ನಿಲ್ಲೋದು?"

ದಾಸಪ್ಪ ಹಿಂದಿನ ಬೀರು ತೋರಿಸಿದ. "ಇದು ಸ್ಟೇಷನರಿ. ಪೆನ್ಸಿಲ್ಲು, ಗೋಂದು, ಟ್ಯಾಗು. ಇದರಲ್ಲಿ ಅವನು ಯಾವುದು?"

ನಲ್ಲಪ್ಪ ಟೈಪಿಸ್ಟ್ ಭಾಗ್ಯಮ್ಮನ ಬಳಿ ಓಡಿದ. ಆಕೆ ಕಂಟೋನ್‌ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು.

"ಮೇಡಂ, 'ಸ್ಟೆಡಿ' ಅಂದ್ರೆ ನಡೆಯುತ್ತಾ?"

ಭಾಗ್ಯಮ್ಮನ ಬೆರಳು ಟೈಪ್‌ರೈಟರಿನ ಮೇಲೇ ನಿಂತಿತು. ಸುತ್ತ ನೋಡಿ ದನಿ ತಗ್ಗಿಸಿದಳು. "ನಮ್ಮ ಕಡೆ 'ಗೋಯಿಂಗ್ ಸ್ಟೆಡಿ' ಅಂದ್ರೆ ಹುಡುಗ ಹುಡುಗಿ ಜೊತೆಯಾಗಿ ಓಡಾಡ್ತಿದ್ದಾರೆ ಅಂತ ಕಣ್ರೀ. ಹುಡುಗನಿಗೆ ಆಗ್ಲೇ ಒಬ್ಬಳಿದ್ದಾಳೆ ಅಂತ ಅವರು ಎದ್ದು ಹೋದ್ರೆ?"

"ಫಿಕ್ಸ್ಡ್?"

"ಮದುವೆ ಬೇರೆ ಕಡೆ ಫಿಕ್ಸ್ ಆಗಿದೆ ಅಂದ್ಕೊಳ್ತಾರೆ."

"ಪರ್ಮನೆಂಟ್?"

"ಅದು ಕೆಲಸಕ್ಕೆ ಅನ್ನೋದು. ಅವನಿಗೆ ಕೆಲಸ ಎಲ್ಲಿದೆ? ನಾಳೆ ಕೋರ್ಟಲ್ಲಿ ನಿಮ್ಮನ್ನ ನಿಲ್ಲಿಸಿದ್ರೆ?"

ಕೋರ್ಟು ಎಂಬ ಮಾತು ಕೇಳಿ ನಲ್ಲಪ್ಪ ಕುರ್ಚಿ ಹಿಡಿದುಕೊಂಡ. "ಕಾನ್‌ಸ್ಟೆಂಟ್?" ಎಂದು ಉಸಿರು ಬಿಟ್ಟ.

"ಅಂದ್ರೆ ಬಿಡದೆ ಮಾಡ್ತಾನೇ ಇರೋದು. ಏನನ್ನ ಬಿಡದೆ ಮಾಡ್ತಾನೆ ಅಂತ ಕೇಳಿದ್ರೆ ಏನಂತೀರಿ?"

ಯಾವುದು ನೋಡಲು ಚೆನ್ನಾಗಿದೆಯೋ ನೋಡೋಣವೆಂದು ಭಾಗ್ಯಮ್ಮ, ದಾಸಪ್ಪ ತಳ್ಳಿಹಾಕಿದ ಎರಡನ್ನೂ ಸೇರಿಸಿ, ಅಷ್ಟನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಟೈಪ್ ಮಾಡಿದಳು. ಮೇಲೆ 'ಮಿಸ್ಟರ್ ಮುನಿರಾಜು' ಎಂದೂ ಹಾಕಿದಳು. ಅಷ್ಟರಲ್ಲಿ ಊಟದ ಸೈರನ್ ಕೂಗಿತು. ಊಟ ಮುಗಿಸಿ ಬಂದರೆ ಹಾಳೆಯಿಲ್ಲ. ಮೂರು ಗಂಟೆಯ ತನಕ ಹುಡುಕಿದ ಮೇಲೆ ಗೊತ್ತಾಯಿತು, ಅವಸರದಲ್ಲಿ ಅವಳೇ ಅದನ್ನು ಸಹಿಗೆ ಹೋಗುವ ಫೈಲಿಗೆ ಸೇರಿಸಿ ಮ್ಯಾನೇಜರ ಕೋಣೆಯಲ್ಲಿಟ್ಟು ಬಂದಿದ್ದಳು.

ನಲ್ಲಪ್ಪ ಒಳಗೆ ನುಗ್ಗಿದಾಗ ಗೋಪಾಲಪ್ಪನವರು ಆ ಹಾಳೆಯನ್ನೇ ಹಿಡಿದಿದ್ದರು. ಕೆಳಗೆ ಅವರ ಸಹಿಯೂ ಬಿದ್ದಿತ್ತು.

"ಏನಯ್ಯ ಇದು? ಮುನಿರಾಜು, ಸ್ಟೇಬಲ್, ಸ್ಟೇಷನರಿ... ಕುದುರೆ ಲಾಯ, ಪೆನ್ಸಿಲ್ಲು?"

"ರಿಬ್ಬನ್ ಸಾರ್! ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿದ್ದಾರೆ, ಟೆಸ್ಟು!"

ಗೋಪಾಲಪ್ಪನವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ರಿಬ್ಬನ್ ಚೆನ್ನಾಗಿದೆ. ಮೂರೂಕಾಲು ಆಯ್ತು. ಪದ?"

"ಆಯ್ತು ಸಾರ್, ಆಗೋಯ್ತು" ಎನ್ನುತ್ತ ನಲ್ಲಪ್ಪ ಹಿಂದೆ ಹಿಂದೆ ನಡೆದು ಬಾಗಿಲಿಗೆ ತಲೆ ಬಡಿಸಿಕೊಂಡು ಹೊರಬಿದ್ದ. ಮೆಷಿನ್ ಶಾಪಿನ ಗೋಡೆಗೊರಗಿ ಕುಳಿತವನ ಬಣ್ಣ ಸುಣ್ಣದ ಗೋಡೆಯಲ್ಲಿ ಬೆರೆತುಹೋಗಿತ್ತು. ಹಳೆಯ ಫೋರ್‌ಮನ್ ಹನುಮಯ್ಯ ನೋಡಿ ಹತ್ತಿರ ಬಂದ. ಎಲ್ಲ ಕೇಳಿ, ಸಲಾಕೆ ತಿರುಗಿಸಿ ಕಡೆಯುವ ಲೇತ್ ಮೆಷಿನಿನ ಮೇಲಿದ್ದ ಕಬ್ಬಿಣದ ಬಳೆಯಂಥದನ್ನು ತಟ್ಟಿದ.

"ಇದೇನು ಗೊತ್ತೇನ್ಲಾ ಮಗಾ? ಸ್ಟೆಡಿ. ಉದ್ದನೆ ಶಾಫ್ಟು ಅಲ್ಲಾಡದಂಗೆ ಇಡ್ಕೊಳ್ಳಾದು. ಮೂವತ್ತು ವರ್ಸ್ದಿಂದ ಇಂಗೇ ಅಂತಿದೀವಿ, ಯಾವ ಉಡುಗೀನೂ ಬಂದಿಲ್ಲ. ಅದ್ನೇ ಬರಿ ಓಗು."

ನಲ್ಲಪ್ಪನಿಗೆ ಹೋದ ಜೀವ ಬಂತು. ಸ್ಟೆಡಿ ಎಂದೇ ಬರೆದ. ಆದರೆ ಭಾಗ್ಯಮ್ಮನ ಮಾತು ಇನ್ನೂ ಚುಚ್ಚುತ್ತಿತ್ತು. ಹುಡುಗಿಯ ವಿಷಯವೆಂದು ತಪ್ಪು ತಿಳಿಯದಿರಲೆಂದು ಕೆಳಗೆ ಇನ್ನೊಂದು ಸಾಲು ಸೇರಿಸಿದ: ಈತ ನಿಂತ ಜಾಗ ಬಿಟ್ಟು ಕದಲುವವನಲ್ಲ, ಯಾರು ಎಳೆದರೂ ಬೇರೆ ಊರಿಗೆ ಹೋಗುವವನಲ್ಲ. ಇಂಗ್ಲಿಷಿನಲ್ಲಿ ಅದು ಇನ್ನೂ ಗಂಭೀರವಾಗಿ ಕಂಡಿತು.

ನಾಲ್ಕಕ್ಕೆ ಸರಿಯಾಗಿ ಚಿಕ್ಕಬೈರಪ್ಪ ಟೈಮ್ ಆಫೀಸಿಗೇ ಬಂದರು. ಕೊಡೆ ಮೂಲೆಗಿಟ್ಟು, ಕನ್ನಡಕ ಒರೆಸಿ, ತಂತಿ ಸಂದೇಶ ಓದುವವರ ಹಾಗೆ ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಓದಿದರು. ಮುಖ ಇಳಿಯಿತು. ಕಾಗದ ಮಡಿಸಿ ಮೇಜಿನ ಮೇಲಿಟ್ಟರು.

"ಸಂಬಂಧ ಆಗಲ್ಲ ಕಣಪ್ಪ."

"ಯಾಕೆ ಸಾರ್? ಸ್ಟೆಡಿ ಅಂದ್ರೆ ಹುಡುಗಿ ಅಲ್ಲ ಸಾರ್, ಲೇತು!"

"ಗೊತ್ತಪ್ಪ. ನನ್ನ ಮಗಳು ರೇಷ್ಮೆ ಇಲಾಖೇಲಿ ಕೆಲಸದಲ್ಲಿದ್ದಾಳೆ. ಎರಡು ವರ್ಷಕ್ಕೊಂದು ವರ್ಗ. ಕೊಳ್ಳೇಗಾಲ ಆಯ್ತು, ಚಿಂತಾಮಣಿ ಆಯ್ತು. ನೋಡೋಕೆ ಬಂದ ಗಂಡುಗಳೆಲ್ಲ ಕೆಲಸ ಬಿಟ್ಟು ಬರೋಕಾಗಲ್ಲ ಅಂತಾರೆ. ಈ ಹುಡುಗ ಒಂದು ಕಡೆ ನಿಲ್ಲೋನಲ್ಲ ಅಂತ ಯಾರೋ ಹೇಳಿದ್ರು. ದೇವರು ಕಣ್ಬಿಟ್ಟ ಅಂತ ಓಡಿಬಂದೆ. ನೀವು ನೋಡಿದ್ರೆ ಎಳೆದರೂ ಕದಲಲ್ಲ ಅಂತೀರಿ."

ನಲ್ಲಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಇಲ್ಲ ಸಾರ್! ಕದಲ್ತಾನೆ! ನಾಲ್ಕು ವರ್ಷಕ್ಕೆ ಏಳು ಕೆಲಸ ಬಿಟ್ಟಿದ್ದಾನೆ! ಈ ಭೂಮಿ ಮೇಲೆ ಅವನಷ್ಟು ನಿಲ್ಲದ ಮನುಷ್ಯನೇ ಇಲ್ಲ! ನನ್ನ ನಂಬಿ!"

"ಬರೆದಿದ್ದು ಒಂದು, ಹೇಳೋದು ಒಂದು. ಯಾವುದನ್ನ ನಂಬಲಿ?" ಚಿಕ್ಕಬೈರಪ್ಪ ಕೊಡೆ ಎತ್ತಿಕೊಂಡು ಹೊರಟರು. ಅವರು ಸರಿದ ಮೇಲೆ ನೋಡಿದರೆ ಬಾಗಿಲಲ್ಲಿ ಗೋಪಾಲಪ್ಪನವರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಅವರು ಕೂಗಾಡಲಿಲ್ಲ. ಒಳಗೆ ಬಂದು ಮೇಜಿನ ಮೇಲಿದ್ದ ಕಾಗದ ಬಿಚ್ಚಿ ನಿಧಾನವಾಗಿ ಎರಡು ಸಲ ಓದಿದರು.

"ನೀನು ಬಾಯಲ್ಲಿ ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ ನಲ್ಲಪ್ಪ. ಬರೆದಿದ್ದನ್ನ ನಂಬ್ತೀನಿ. ತುಂಬಾ ಚೆನ್ನಾಗಿ ಬರೆದಿದ್ದೀಯ. ಇಂಥ ಹುಡುಗ ಎಲ್ಲಿ ಸಿಗ್ತಾನೆ? ಇದನ್ನೇ ಇಟ್ಕೊಂಡು ಮುನಿರಾಜುನ ನಾಳೆಯಿಂದ ಇಲ್ಲೇ ಟೈಮ್ ಆಫೀಸಿಗೆ ತಗೋತೀನಿ. ಡೈರೆಕ್ಟರು ಕೇಳಿದ್ರೆ ನಿನ್ನ ಸರ್ಟಿಫಿಕೇಟ್ ತೋರಿಸ್ತೀನಿ."

"ಇಲ್ಲಿ ಇರೋದು ಒಂದೇ ಕುರ್ಚಿ ಸಾರ್" ಅಂದ ನಲ್ಲಪ್ಪ. "ನಾನು?"

"ಲಾರಿ ಲೋಡಿಂಗಿನಲ್ಲಿ ಒಬ್ಬ ಬೇಕಾಗಿದ್ದಾನೆ, ಅಲ್ಲಿಗೆ ಹೋಗು" ಅಂದರು ಗೋಪಾಲಪ್ಪನವರು, ಕಾಗದವನ್ನು ಜೋಪಾನವಾಗಿ ಜೇಬಿಗೆ ಸೇರಿಸುತ್ತ. "ಅಲ್ಲಿ ಇಂಗ್ಲಿಷ್ ಬೇಕಾಗಲ್ಲ."